ವಿದ್ಯುತ್ ವಿದ್ಯೆ ಮತ್ತು ನಮ್ಮ ಮಕ್ಕಳು



ಮಾರ್ಚ್-ಏಪ್ರಿಲ್ ತಿಂಗಳ ಸಂಜೆ ಬದಿಯಡ್ಕ, ನೀರ್ಚಾಲು, ಕುಂಬ್ಡಾಜೆ ಕಡೆಯ ಅಡಿಕೆ ತೋಟಗಳಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಎಲ್ಲರೂ ಒಮ್ಮೆಗೇ ಪಂಪು ಹಾಕುತ್ತಾರೆ. ಟ್ರಾನ್ಸ್‌ಫಾರ್ಮರಿನ ಹತ್ತಿರದವರ ಸ್ಪ್ರಿಂಕ್ಲರ್ ತಿರುಗುತ್ತದೆ. ಲೈನಿನ ಕೊನೆಯಲ್ಲಿರುವವರ ಮೋಟಾರು ಗುಂಯ್‌ಗುಟ್ಟಿ ನಿಲ್ಲುತ್ತದೆ. "ವೋಲ್ಟೇಜ್ ಇಲ್ಲ" ಎಂದು ಗೊಣಗಿ, ನಡುರಾತ್ರಿ ಎದ್ದು ಪಂಪು ಹಾಕುವುದು ನಮಗೆ ರೂಢಿಯಾಗಿಬಿಟ್ಟಿದೆ.

ಯಾಕೆ ಇಲ್ಲ, ಎಷ್ಟು ಇಲ್ಲ, ತಂತಿ ದಪ್ಪ ಮಾಡಬೇಕೇ, ಕೆಪಾಸಿಟರ್ ಇಡಬೇಕೇ, ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕೇ? ಇದನ್ನು ಕಂಬ ಹತ್ತುವ ಮೊದಲೇ ಲೆಕ್ಕ ಹಾಕಿ ಹೇಳುವ ಒಂದು ವಿದ್ಯೆ ಇದೆ. ವಿದ್ಯುತ್ ಜಾಲದ ವಿಶ್ಲೇಷಣೆ ಎಂದು ಅದನ್ನು ಕರೆಯಬಹುದು. ಎಲ್ಲಿಂದ ಎಲ್ಲಿಗೆ ಎಷ್ಟು ವಿದ್ಯುತ್ ಹರಿಯುತ್ತದೆ, ಪ್ರತಿಯೊಂದು ಸಬ್‌ಸ್ಟೇಷನಿನಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಎಂಬುದು ಅದರ ಮೊದಲ ಲೆಕ್ಕ. ಮರ ಬಿದ್ದು ತಂತಿ ತಂತಿ ತಾಗಿದರೆ ಎಷ್ಟು ಕರೆಂಟು ನುಗ್ಗೀತು, ಯಾವ ಬ್ರೇಕರ್ ಮೊದಲು ಬೀಳಬೇಕು ಎಂಬುದು ಎರಡನೆಯದು. ಒಂದು ದೊಡ್ಡ ಲೈನು ತಟ್ಟನೆ ಕಳಚಿಕೊಂಡರೆ ಉಳಿದ ಜಾಲ ತಾಳೀತೇ ಎಂಬುದು ಮೂರನೆಯದು.

ಮೂರನೆಯ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ದೇಶ 2012ರ ಜುಲೈ 30 ಮತ್ತು 31ರಂದು ಕಂಡಿತು. ಬೀನಾ-ಗ್ವಾಲಿಯರ್ ನಡುವಿನ 400 ಕೆ.ವಿ. ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲಿಲ್ಲ. ಹೊರೆ ಹೆಚ್ಚಿತ್ತು, ಅಷ್ಟೆ. ರಕ್ಷಣಾ ರಿಲೇ ಅದನ್ನು ದೋಷವೆಂದೇ ಎಣಿಸಿ ಲೈನನ್ನು ಕಡಿಯಿತು. ಆ ಹೊರೆ ಬೇರೆ ಲೈನುಗಳ ಮೇಲೆ ಬಿತ್ತು, ಅವೂ ಒಂದೊಂದಾಗಿ ಕಳಚಿದವು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಜಾಲ ಆಗ ಉತ್ತರದೊಂದಿಗೆ ಪೂರ್ತಿ ಬೆಸೆದಿರಲಿಲ್ಲವಾದ್ದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಲೈನಿನ ಮೂಲಕ ನಾವೂ ಸೇರಿದೆವು. ಈಗ ಬದಿಯಡ್ಕದ ಬಲ್ಬೂ ಕಾಶ್ಮೀರದ ಬಲ್ಬೂ ಒಂದೇ ತಾಳದಲ್ಲಿ ಉರಿಯುತ್ತವೆ. ಈ ಜಾಲವನ್ನು ಹಗಲಿರುಳು ಕಾಯುವ ದಕ್ಷಿಣ ವಲಯದ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ.

ಕನ್ನಡ ಶಾಲೆಯ ಪತ್ರಿಕೆಗೆ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣ ಗಣಿತ.

ಈ ವಿದ್ಯೆಯ ಬೇರು ಇರುವುದು ಯಂತ್ರದಲ್ಲಿ ಅಲ್ಲ, ಸಮೀಕರಣದಲ್ಲಿ. ಎರಡು ಅಜ್ಞಾತಗಳ ಎರಡು ಸಮೀಕರಣಗಳನ್ನು ಬಿಡಿಸುವುದನ್ನು ಮಕ್ಕಳು ಹೈಸ್ಕೂಲಿನಲ್ಲಿ ಕಲಿಯುತ್ತಾರೆ. ವಿದ್ಯುತ್ ಜಾಲದಲ್ಲಿ ಅಂಥ ಸಮೀಕರಣಗಳು ಸಾವಿರಗಟ್ಟಲೆ. ಅವು ನೇರವಾಗಿ ಬಿಡಿಸಲಾಗದವು. ಒಂದು ಉತ್ತರವನ್ನು ಊಹಿಸಿ, ತಪ್ಪೆಷ್ಟೆಂದು ನೋಡಿ, ತಿದ್ದಿ, ಮತ್ತೆ ನೋಡಿ ಹತ್ತಿರ ಹತ್ತಿರ ಹೋಗಬೇಕು. ನ್ಯೂಟನ್-ರಾಫ್ಸನ್ ವಿಧಾನ ಎನ್ನುವುದು ಇದನ್ನೇ. ಪ್ಲಸ್ ಟು ಹಂತದ ಮಿಶ್ರ ಸಂಖ್ಯೆ, ಮಾತೃಕೆ ಎಲ್ಲ ಇಲ್ಲಿ ಬೇಕು. ಲೆಕ್ಕವನ್ನು ಇಂದು ಕಂಪ್ಯೂಟರ್ ಮಾಡುತ್ತದೆ ನಿಜ. ಆದರೆ ಬಂದ ಉತ್ತರ ಸರಿಯೋ ಹುಚ್ಚೋ ಎಂದು ಗುರುತಿಸಬೇಕಾದವನು ಎಂಜಿನಿಯರೇ.

ಹಾಗಾದರೆ ಎಂಟು-ಒಂಬತ್ತನೆಯ ತರಗತಿಯಲ್ಲಿ ಗಣಿತವನ್ನು ಮಕ್ಕಳಿಗೆ ಅರ್ಥವಾಗುವಂತೆ ಹೇಳುವವರು ಬೇಕಲ್ಲ? ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಅರಿಯದ ಅಧ್ಯಾಪಕರನ್ನು ನೇಮಿಸಿದ, ಅದರ ವಿರುದ್ಧ ಹೆತ್ತವರು ಶಾಲೆಯ ಗೇಟಿನ ಮುಂದೆ ನಿಂತ ಪ್ರಸಂಗಗಳು ಒಂದೆರಡಲ್ಲ. ಆ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಪರೀಕ್ಷೆ ಬರೆದು ಬಂದವರು. ಆದರೆ "ಇದು ಹೀಗೆ ಯಾಕೆ ಸಾರ್?" ಎಂದು ಕೇಳುವ ಹುಡುಗನ ಪ್ರಶ್ನೆ ಅವರಿಗೆ ತಿಳಿಯದು, ಅವರ ಉತ್ತರ ಹುಡುಗನಿಗೆ ತಿಳಿಯದು. ಹುಡುಗ ಬಾಯಿಪಾಠ ಮಾಡುತ್ತಾನೆ, ಪಾಸೂ ಆಗುತ್ತಾನೆ. ನಷ್ಟ ಗೊತ್ತಾಗುವುದು ಐದು ವರ್ಷ ಕಳೆದ ಮೇಲೆ, ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ. ಆಗ "ಕನ್ನಡ ಮಾಧ್ಯಮದವರು ಹೀಗೇ" ಎಂದು ತೀರ್ಪು ಬರುತ್ತದೆ. ಸಂವಿಧಾನದ 350ಎ ವಿಧಿ 1956ರಲ್ಲೇ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು ಹೇಳಿದೆ. ಹೈಸ್ಕೂಲಿನ ಮಾತು ಅದರಲ್ಲಿ ಇಲ್ಲವೆಂಬುದು ನಮ್ಮ ದುರ್ಬಲ ಮಗ್ಗುಲು. ಆದ್ದರಿಂದಲೇ ಅಲ್ಲಿ ನಾವು ಹೆಚ್ಚು ಎಚ್ಚರವಾಗಿರಬೇಕು.

ಇದರ ಭಯದಿಂದ ಎಂಟನೆಯ ತರಗತಿಗೆ ಮಗುವನ್ನು ಎಳೆದು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಹೆತ್ತವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಮದ್ದಲ್ಲ. ಕಲಿತ ಕನ್ನಡದಲ್ಲೇ ವಿಷಯ ತಲೆಗೆ ಹತ್ತಲಿ, ಒಂಬತ್ತನೆಯಿಂದ ಪಕ್ಕದಲ್ಲೇ ಇಂಗ್ಲಿಷ್ ಪದವೂ ಇರಲಿ. ವಿಭವಾಂತರ ಎಂದಾಗ ವೋಲ್ಟೇಜ್, ರೋಧ ಎಂದಾಗ ರೆಸಿಸ್ಟೆನ್ಸ್, ವಿದ್ಯುತ್ಕಾಂತೀಯ ಪ್ರೇರಣೆ ಎಂದಾಗ ಇಂಡಕ್ಷನ್. ಇನ್ನೂರು ಪದಗಳ ಒಂದು ನೋಟ್‌ಬುಕ್ಕು ಸಾಕು. ಅದಕ್ಕೆ ಟ್ಯೂಷನ್ ಬೇಡ.

ಭಾಷೆಯ ಮಾತು ಲೆಕ್ಕಕ್ಕಷ್ಟೇ ನಿಲ್ಲುವುದಿಲ್ಲ. ಒಂದು ಮಳೆಗಾಲದಲ್ಲಿ ನಮ್ಮ ನೆರೆಯ ತೋಟದಲ್ಲಿ ತಂತಿ ತುಂಡಾಗಿ ಬಿದ್ದಿತ್ತು. ಫೋನು ಎತ್ತಿದವರಿಗೆ ಕನ್ನಡವೂ ತುಳುವೂ ಬಾರದು, ಮಾಡಿದ ಅಜ್ಜನಿಗೆ ಮಲಯಾಳ ಬಾರದು. ಜಾಗದ ಹೆಸರು ತಿಳಿಯುವಷ್ಟರಲ್ಲಿ ಕಾಲು ಗಂಟೆ ಹೋಯಿತು. ದನ ಆ ಕಡೆ ಹೋಗದಿದ್ದುದು ಪುಣ್ಯ. ಕಂಬದ ಮೇಲಿರುವವನಿಗೂ ಕೆಳಗೆ ಮನೆಯ ಜನರೇಟರ್ ಓಡಿಸುವವನಿಗೂ ಮಾತು ತಿಳಿಯದಿದ್ದರೆ, ಮನೆಯಿಂದ ಹಿಮ್ಮುಖವಾಗಿ ಹರಿದ ಕರೆಂಟು ಜೀವ ತೆಗೆದೀತು. ಊರಿನ ಭಾಷೆ ಬಲ್ಲ ತಂತ್ರಜ್ಞರು ಊರಿಗೆ ಬೇಕೆನ್ನುವುದು ಬರಿಯ ಅಭಿಮಾನದ ಮಾತಲ್ಲ.

ದಾರಿಗಳಿವೆ. ಐ.ಟಿ.ಐ.ಯಲ್ಲಿ ಇಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷ, ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಡಿಪ್ಲೊಮಾ ಮುಗಿಸಿದವರು ಬಿ.ಟೆಕ್. ಎರಡನೆಯ ವರ್ಷಕ್ಕೆ ಸೇರಬಹುದು. ಪೊವ್ವಲಿನ ಎಲ್.ಬಿ.ಎಸ್. ಎಂಜಿನಿಯರಿಂಗ್ ಕಾಲೇಜು 1993ರಿಂದ ಇದೆ, ಬದಿಯಡ್ಕದಿಂದ ದೂರವೇನಲ್ಲ. ಜೆ.ಇ.ಇ. ಮುಖ್ಯ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಅದಕ್ಕೆ ಪ್ರತ್ಯೇಕ ಕನ್ನಡ ಪರೀಕ್ಷೆಗೆ ಹಾಜರಾಗಬೇಕು, ಆ ದಿನಾಂಕ ತಪ್ಪಿಸಿಕೊಂಡು ಕೈ ಹಿಸುಕಿಕೊಳ್ಳಬೇಡಿ. ಎಂಜಿನಿಯರಾದ ಮೇಲೆ ಜಾಲದ ವಿಶ್ಲೇಷಣೆಯನ್ನು ಆಳವಾಗಿ ಕಲಿಸುವ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿದೆ. ಕರೆಂಟು ಹರಿಯುತ್ತಿರುವಾಗಲೇ ಲೈನು ರಿಪೇರಿ ಮಾಡುವವರ ತರಬೇತಿ ಕೇಂದ್ರವೂ ಅಲ್ಲೇ. ಸಬ್‌ಸ್ಟೇಷನ್, ಲೈನುಗಳಲ್ಲಿ ದುಡಿಯುವವರಿಗೆ ತರಬೇತಿ ಆಗಿರಲೇಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳು ಹೇಳಿದ್ದವು, ಅವುಗಳ ಬದಲಿಗೆ ಬಂದ 2023ರ ನಿಯಮಗಳೂ ಹೇಳುತ್ತವೆ.

ಮುಂದಿನ ಪಿ.ಟಿ.ಎ. ಸಭೆಗೆ ದಯವಿಟ್ಟು ತಂದೆ-ತಾಯಿ ಇಬ್ಬರೂ ಹೋಗಿ. ಹೈಸ್ಕೂಲಿನ ಗಣಿತ ಮತ್ತು ಭೌತವಿಜ್ಞಾನದ ಹುದ್ದೆಗಳು ಭರ್ತಿಯಾಗಿವೆಯೇ, ಆ ಅಧ್ಯಾಪಕರು ಕನ್ನಡದಲ್ಲಿ ಪಾಠ ಹೇಳುತ್ತಾರೆಯೇ ಎಂದು ಕೇಳಿ. ಉತ್ತರವನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ.