ಎಣ್ಣೆಯ ಬಟ್ಟಲು, ಬಿಸಿನೀರಿನ ಹಂಡೆ

ಜಾಹೀರಾತೊಂದರಲ್ಲಿ ‘ಹಮ್ಮಾಮ್’ ಎಂಬ ಹೆಸರನ್ನು ಕಂಡ ನನ್ನ ಸೊಸೆ, “ಅತ್ತೆ, ಅದೆಂತಹ ಸ್ನಾನ?” ಎಂದು ಮೊನ್ನೆ ಕೇಳಿದಳು. ನೆಲದಡಿಯಲ್ಲಿ ಹಾಯುವ ಬಿಸಿಹೊಗೆಯಿಂದ ಕಲ್ಲುಹಾಸು ಕಾಯುವುದು. ಆ ಸೆಕೆಯಲ್ಲಿ ಕುಳಿತು ಬೆವೆತ ಮೈಯನ್ನು ಒರಟು ಕೈಚೀಲದಿಂದ ಉಜ್ಜಿಸಿಕೊಂಡು, ನೀರೆರೆಸಿಕೊಂಡು, ಬಳಿಕ ತಂಪಾದ ಕೋಣೆಯಲ್ಲಿ ವಿಶ್ರಮಿಸುವುದು. ಇದನ್ನು ಕಾಣಲು ತುರ್ಕಿಯವರೆಗೂ ಹೋಗಬೇಕಾಗಿಲ್ಲ. ನಮ್ಮ ಬೀದರಿನ ಕೋಟೆಯಲ್ಲಿ ವಸ್ತುಸಂಗ್ರಹಾಲಯವಿರುವ ಕಟ್ಟಡವೇ ಹಿಂದೆ ಅರಮನೆಯ ಹಮ್ಮಾಮ್ ಆಗಿತ್ತು.

ಇಷ್ಟು ಹೇಳುವಷ್ಟರಲ್ಲಿ ನನ್ನ ಮನಸ್ಸು ತವರಿನ ಬಚ್ಚಲುಮನೆಗೆ ಹೋಗಿಬಿಟ್ಟಿತ್ತು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಒಲೆಯಲ್ಲಿ ಹುಗಿದ ತಾಮ್ರದ ಹಂಡೆ, ಒಣಗಿದ ಅಡಕೆಸಿಪ್ಪೆಯ ಉರಿ, ಹೊಗೆಯಿಂದ ಕಪ್ಪಾದ ಗೋಡೆ. ನರಕಚತುರ್ದಶಿಯ ಹಿಂದಿನ ಸಂಜೆ ಹುಣಿಸೆಹಣ್ಣಿನಿಂದ ಬೆಳಗಿದ ಹಂಡೆಗೆ ನೀರು ತುಂಬುವುದೇ ಒಂದು ಹಬ್ಬ. ಬೆಳಗಿನ ಜಾವದಲ್ಲಿ ಮಣೆಯ ಮೇಲೆ ಕುಳಿತ ಮಕ್ಕಳ ನೆತ್ತಿಗೆ ಅಜ್ಜಿ ಎಣ್ಣೆ ತಟ್ಟುವರು. ದಾಸವಾಳದ ಸೊಪ್ಪಿನ ಗೊಂಪು, ಸೀಗೆಪುಡಿ, ಬಿಸಿಬಿಸಿ ನೀರು. ಆಮೇಲೆ ಕಂಬಳಿಯೊಳಗಿನ ಸುಖನಿದ್ರೆ.

ಅಭ್ಯಂಗವನ್ನು ನಿತ್ಯವೂ ಮಾಡಬೇಕು, ಅದರಲ್ಲಿಯೂ ತಲೆ, ಕಿವಿ, ಪಾದಗಳನ್ನು ಮರೆಯಬಾರದು ಎಂದು ವಾಗ್ಭಟನ ‘ಅಷ್ಟಾಂಗಹೃದಯ’ ವಿಧಿಸುತ್ತದೆ. ಕಫವಿದ್ದಾಗ, ಅಜೀರ್ಣವಾದಾಗ ಬೇಡ. ಬಿಸಿನೀರು ಮೈಗೆ ಬಲಕಾರಿಯಾದರೂ ತಲೆಗೆ ಎರೆದರೆ ಕೂದಲಿಗೂ ಕಣ್ಣಿಗೂ ಹಿತವಲ್ಲ ಎಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ವೈದ್ಯರೂ ಅತಿ ಬಿಸಿನೀರು, ಅತಿ ಉಜ್ಜುವಿಕೆ ಚರ್ಮದ ಸಹಜ ಜಿಡ್ಡನ್ನು ತೆಗೆದು ನವೆ ತರುವುದೆಂದೇ ಹೇಳುತ್ತಾರೆ. ಎಣ್ಣೆಯ ತೆಳುಪೊರೆ ಚರ್ಮದ ತೇವ ಆರದಂತೆ ಕಾಯುತ್ತದೆ.

ಆದರೆ ಸೋದರಿಯರೇ, ಆ ಬಚ್ಚಲುಮನೆಯಲ್ಲಿ ಉರಿ ನೋಡಿಕೊಳ್ಳುತ್ತಿದ್ದವರು ನನ್ನ ಅಮ್ಮ. ಎಲ್ಲರ ಸ್ನಾನ ಮುಗಿದ ಮೇಲೆ, ಬಟ್ಟಲಿನ ತಳದಲ್ಲಿ ಉಳಿದ ಎಣ್ಣೆಯನ್ನು ತಾವೇ ನೆತ್ತಿಗೆ ಸವರಿಕೊಂಡು, ಆರಿದ ನೀರನ್ನು ಸುರಿದುಕೊಂಡು ಅಡಿಗೆಮನೆಗೆ ಓಡುತ್ತಿದ್ದರು. ಮದುವೆಯಾಗಿ, ನನ್ನ ಮನೆಯಲ್ಲಿ ನಾನೂ ಕೊನೆಯವಳಾಗುವವರೆಗೆ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ದೀಪಾವಳಿಗೆ ಹೋದಾಗ ಅವರನ್ನೇ ಮೊದಲು ಮಣೆಯ ಮೇಲೆ ಕೂರಿಸಿದೆ. “ನಂಗೆಂಥದೇ ಇದೆಲ್ಲ? ಒಲೆ ನೋಡೋರು ಯಾರು?” ಎಂದು ಏಳಹೊರಟರು. ಭುಜ ಹಿಡಿದು ಕೂರಿಸಿ, ಬೆನ್ನಿಗೂ ಬಿರಿದ ಹಿಮ್ಮಡಿಗೂ ಎಣ್ಣೆ ತಿಕ್ಕಿದೆ. ಸ್ವಲ್ಪ ಹೊತ್ತಿನಲ್ಲಿ ಮಾತು ನಿಂತಿತು, ಕಣ್ಣು ಮುಚ್ಚಿತು. ನನ್ನ ಅಮ್ಮನ ಬೆನ್ನನ್ನು ನಾನು ಮುಟ್ಟಿದ್ದು ಅದೇ ಮೊದಲು.

ಇಂದು ಹಂಡೆಯ ಸ್ಥಾನದಲ್ಲಿ ಗೀಸರ್ ಬಂದಿದೆ, ಉರಿ ಕಾಯಬೇಕಾಗಿಲ್ಲ. ಬರುವ ಭಾನುವಾರ ಒಂದು ಬಟ್ಟಲು ಎಳ್ಳೆಣ್ಣೆಯನ್ನೋ ಕೊಬ್ಬರಿಎಣ್ಣೆಯನ್ನೋ ಬೆಚ್ಚಗೆ ಮಾಡಿ. ಜಾರದಂತೆ ನೆಲಕ್ಕೆ ಗೋಣಿತಾಟು ಹಾಸಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡುವವರು ಯಾರೋ, ಅವರನ್ನು ಮೊದಲು ಕರೆಯಿರಿ.