ನಿಮ್ಮ ಸಿಗರೇಟು, ನೆರೆಮನೆಯ ಕೆಮ್ಮು!

ಮಂಗಳೂರು: ಕದ್ರಿ ಕಡೆಯ ಒಂದು ಅಪಾರ್ಟ್‌ಮೆಂಟು. ಹೆಸರು ಬೇಡ. ಹೆಸರು ಹೇಳದಿದ್ದರೂ ಓದುವವರಲ್ಲಿ ಹತ್ತು ಮಂದಿ ‘ಇದು ನಮ್ಮದೇ ಕತೆ’ ಎಂದುಕೊಂಡರೆ ಆಶ್ಚರ್ಯವಿಲ್ಲ.

ಮೂರನೇ ಮಹಡಿಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು. ನಾಲ್ಕನೇ ಮಹಡಿಯಲ್ಲಿ ಉಬ್ಬಸದ ತೊಂದರೆ ಇರುವ ಏಳು ವರ್ಷದ ಹುಡುಗಿ. ರಾತ್ರಿ ಹತ್ತಕ್ಕೆ ಊಟ ಮುಗಿಸಿ ಅಧಿಕಾರಿ ಮಹಾಶಯರು ಬಾಲ್ಕನಿಗೆ ಬಂದು ಕಡ್ಡಿ ಗೀರಿದರೆಂದರೆ, ಮೇಲಿನ ಮನೆಯಲ್ಲಿ ಧಡಧಡನೆ ಕಿಟಕಿ ಮುಚ್ಚುವ ಸದ್ದು. ಕಿಟಕಿ ಮುಚ್ಚಿದರೆ ಸೆಕೆ. ತೆರೆದರೆ ಹೊಗೆ. ಮುಚ್ಚಿದರೂ ಬಚ್ಚಲುಮನೆಯ ಡಕ್ಟಿನಿಂದ ಬರುವ ಹೊಗೆಗೆ ಬೀಗ ಹಾಕುವವರು ಯಾರು?

ಒಂದು ದಿನ ಹುಡುಗಿಯ ತಾಯಿ ಕೆಳಗಿಳಿದು ಹೋಗಿ ಕೇಳಿಯೇ ಬಿಟ್ಟರು. ‘ಅಂಕಲ್, ಮಗುವಿಗೆ ಕಷ್ಟ ಆಗ್ತದೆ. ಸ್ವಲ್ಪ ಕೆಳಗೆ ಹೋಗಿ ಸೇದ್ತೀರಾ?’

ಉತ್ತರ ಸಿದ್ಧವಿತ್ತು. ‘ನನ್ನ ಮನೆ, ನನ್ನ ಬಾಲ್ಕನಿ, ನನ್ನ ಪೆನ್ಶನ್ ದುಡ್ಡು. ನನ್ನ ಮನೆಯೊಳಗೆ ನಾನು ಸೇದಿದರೆ ನಿಮಗೆಂತ ಆಗ್ಬೇಕು?’

ಅಲ್ಲಿಗೆ ಮಾತು ಮುಗಿಯಲಿಲ್ಲ. ಸಂಘದ ಸಭೆಗೆ ಬಂತು. ‘ಇಡೀ ಕಟ್ಟಡದಲ್ಲಿ, ಮನೆಯೊಳಗೂ ಸೇರಿಸಿ ಧೂಮಪಾನ ನಿಷೇಧಿಸಿ’ ಎಂದು ಒಂದು ಗುಂಪು. ‘ನಾಳೆ ನನ್ನ ಬೆಡ್‌ರೂಮಿಗೆ ವಾಚ್‌ಮನ್‌ನನ್ನು ಕಳಿಸ್ತೀರಾ?’ ಎಂದು ಇನ್ನೊಂದು ಗುಂಪು. ಸೆಕ್ರೆಟರಿ ಎರಡೂ ಕಡೆ ತಲೆಯಾಡಿಸಿ, ಚಾ ಬಿಸ್ಕೆಟು ಹಂಚಿ, ಸಭೆ ಮುಂದೂಡಿದರು!

ಸಭೆಯನ್ನು ಮುಂದೂಡಬಹುದು. ಮಗುವಿನ ಉಸಿರಾಟವನ್ನು ಮುಂದೂಡಲು ಆಗುತ್ತದೆಯೇ?

ಹಂಚಿನ ಮನೆಯ ಕಾಲ ಹೋಯಿತು

ಈ ಜಗಳ ಹಿಂದೆ ಇರಲಿಲ್ಲ. ಯಾಕೆಂದರೆ ಹಿಂದೆ ಇಂಥ ಮನೆಗಳೇ ಇರಲಿಲ್ಲ. ಹಂಚಿನ ಮಾಡು, ಸುತ್ತ ಕಂಪೌಂಡು, ನಾಲ್ಕು ತೆಂಗಿನ ಮರ. ಅಜ್ಜ ಜಗಲಿಯಲ್ಲಿ ಕೂತು ಬೀಡಿ ಎಳೆದರೆ ಹೊಗೆ ಹಂಚಿನ ಸಂದಿಯಲ್ಲೋ ಅಂಗಳದಲ್ಲೋ ಕರಗಿ ಹೋಗುತ್ತಿತ್ತು. ನೆರೆಮನೆ ಕೂಗಿದರೆ ಕೇಳುವಷ್ಟು ದೂರ, ಆದರೆ ಹೊಗೆ ಮುಟ್ಟದಷ್ಟು ದೂರ.

ಈಗ? ಬಿಜೈ, ಬೆಂದೂರ್‌ವೆಲ್, ಫಳ್ನೀರು, ಕೊಟ್ಟಾರ... ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. ಒಬ್ಬರ ನೆಲ ಇನ್ನೊಬ್ಬರ ಮಾಡು. ಒಬ್ಬರ ಗೋಡೆ ಇನ್ನೊಬ್ಬರ ಗೋಡೆ. ಎಲ್ಲರ ಬಚ್ಚಲುಮನೆಗೂ ಒಂದೇ ಡಕ್ಟು. ಕೆಳಗಿನ ಬಿಸಿಗಾಳಿ ಮೇಲೇರುವುದು ಪ್ರಕೃತಿಯ ನಿಯಮ. ಅದಕ್ಕೆ ಸಂಘದ ಅನುಮತಿ ಬೇಕಿಲ್ಲ. ಸೇಲ್ ಡೀಡಿನಲ್ಲಿ ಮನೆ ಬೇರೆ ಬೇರೆ, ಗಾಳಿ ಮಾತ್ರ ಒಂದೇ.

ಜೂನ್‌, ಜುಲೈ ತಿಂಗಳಂತೂ ಕೇಳುವುದೇ ಬೇಡ. ಹೊರಗೆ ಧೋ ಎಂದು ಮಳೆ. ಸೇದುವವರು ಕೆಳಗಿಳಿಯುವುದಿಲ್ಲ, ಸೇದದವರು ಕಿಟಕಿ ತೆರೆಯುವುದಿಲ್ಲ. ಹೊಗೆ ಒಳಗೊಳಗೇ ಸುತ್ತುತ್ತದೆ.

‘ವಾಸನೆ ಸ್ವಲ್ಪ ಬಂದರೆ ಏನು ಮಹಾ’ ಎನ್ನುವವರೂ ಉಂಟು. ಇದು ಬರೀ ವಾಸನೆಯ ಮಾತಲ್ಲ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಇನ್ನೊಬ್ಬರ ಹೊಗೆಗೆ ‘ಇಷ್ಟರವರೆಗೆ ಅಪಾಯವಿಲ್ಲ’ ಎಂಬ ಅಳತೆಯೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲೇ ಹೇಳಿದ್ದಾರೆ. ಫ್ಯಾನು ಹಾಕಿದರೂ, ಎಕ್ಸಾಸ್ಟ್ ತಿರುಗಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲವೆಂದೂ ಅದೇ ವರದಿ ಹೇಳುತ್ತದೆ. ಉಬ್ಬಸದ ಮಗುವಿಗೆ ಇದು ಹಟದ ಪ್ರಶ್ನೆಯಲ್ಲ, ಉಸಿರಿನ ಪ್ರಶ್ನೆ.

ಕಾನೂನು ಹೊಸ್ತಿಲಲ್ಲಿ ನಿಂತಿದೆ

ಕಾನೂನು ಏನು ಹೇಳುತ್ತದೆ? ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ, ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ, ಸಾರ್ವಜನಿಕ ಸ್ಥಳಗಳಲ್ಲಿ ಬೀಡಿ ಸಿಗರೇಟು ಸೇದುವುದನ್ನು ನಿಲ್ಲಿಸಿ ಎಂದಿತು. 2003ರಲ್ಲಿ ಕೇಂದ್ರದ ಕಾಯ್ದೆ ಬಂತು. 2008ರ ಗಾಂಧಿ ಜಯಂತಿಯಂದು ಬಿಗಿ ನಿಯಮ ಜಾರಿಯಾಯಿತು. 200 ರೂಪಾಯಿ ಇದ್ದ ದಂಡ ಕರ್ನಾಟಕದಲ್ಲಿ 2025ರಿಂದ 1000 ರೂಪಾಯಿ. 21 ವರ್ಷ ತುಂಬದವರಿಗೆ ಮಾರುವಂತೆಯೂ ಇಲ್ಲ.

ಒಂದು ಕಾಲದಲ್ಲಿ ಬಸ್ಸಿನಲ್ಲಿ ಮುಂದಿನ ಸೀಟಿನವ ಬೀಡಿ ಹಚ್ಚಿದರೆ ಹಿಂದಿನವರು ಕಣ್ಣುಜ್ಜಿಕೊಂಡು ಕೂರಬೇಕಿತ್ತು. ಕೇಳಿದರೆ ‘ಟಿಕೇಟು ನಾನೂ ತೆಗೊಂಡಿದ್ದೇನೆ’ ಎಂಬ ಉತ್ತರ. ಈಗ ಯಾವ ಸಿಟಿ ಬಸ್ಸಿನಲ್ಲಾದರೂ ಹಚ್ಚಿ ನೋಡಲಿ? ಕಂಡಕ್ಟರ್ ಬಿಡುವುದಿಲ್ಲ, ಕಂಡಕ್ಟರ್ ಬಿಟ್ಟರೂ ಹೆಂಗಸರು ಬಿಡುವುದಿಲ್ಲ. ಅಂದರೆ ಅಭ್ಯಾಸ ಬದಲಾಗುತ್ತದೆ.

ಆದರೆ ಈ ಕಾಯ್ದೆ ಬಸ್ಸು, ಹೋಟೆಲು, ಆಸ್ಪತ್ರೆ, ಆಫೀಸು, ಕೋರ್ಟು ಎಲ್ಲ ಸುತ್ತಿ ಬಂದು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಸ್ವಂತ ಮನೆ ಸಾರ್ವಜನಿಕ ಸ್ಥಳವಲ್ಲ. ಮೂರನೇ ಮಹಡಿಯ ಮಹಾಶಯರ ಧೈರ್ಯ ಇದೇ.

ಅವರ ಪಕ್ಷದಲ್ಲೂ ದೊಡ್ಡ ತೀರ್ಪೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದರು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಇಣುಕಲು ಯಾರಿಗೂ ಸುಲಭದ ಅಧಿಕಾರವಿಲ್ಲ.

ತಮಾಷೆ ನೋಡಿ. ಖಾಸಗಿತನದ ತೀರ್ಪು ಮುಖ್ಯವಾಗಿ ನಿಂತಿರುವುದು ಸಂವಿಧಾನದ 21ನೇ ವಿಧಿಯ ಮೇಲೆ. 2001ರಲ್ಲಿ ಸೇದದವರ ಜೀವವನ್ನು ಕಾಪಾಡಿದ್ದೂ ಅದೇ 21ನೇ ವಿಧಿ. ಕೆಳಗಿನ ಮನೆಯವರ ಬಾಗಿಲಿಗೂ ಅದೇ ಚಿಲಕ, ಮೇಲಿನ ಮನೆಯ ಮಗುವಿನ ಶ್ವಾಸಕೋಶಕ್ಕೂ ಅದೇ ರಕ್ಷೆ! ಇವೆರಡರ ನಡುವೆ ಗೆರೆ ಎಳೆಯುವುದು ಎಲ್ಲಿ?

ಹೊರಗಿನವರು ಎಂತ ಮಾಡಿದರು?

ಈ ಪ್ರಶ್ನೆ ಮಂಗಳೂರಿಗೆ ಮಾತ್ರ ಬಂದದ್ದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಎಂಬ ಊರಿನವರು 2012ರಲ್ಲೇ, ಗೋಡೆ ಹಂಚಿಕೊಂಡ ಮನೆಗಳೊಳಗೆ ಸೇದುವಂತಿಲ್ಲ ಎಂದು ಕಟ್ಟಳೆ ಮಾಡಿದರು. ಬಾಡಿಗೆಯವರಿಗೆ ಮಾತ್ರವಲ್ಲ, ಸ್ವಂತ ಮನೆಯವರಿಗೂ. ಅಮೆರಿಕ ಸರ್ಕಾರದ ಸಾರ್ವಜನಿಕ ವಸತಿ ಕಟ್ಟಡಗಳಲ್ಲಿ 2018ರ ಜುಲೈ ಅಂತ್ಯದೊಳಗೆ ಮನೆಯೊಳಗೂ, ಕಟ್ಟಡದಿಂದ 25 ಅಡಿಯೊಳಗೂ ಧೂಮಪಾನ ಬಂದ್ ಆಯಿತು.

ಸಿಂಗಾಪುರ ಕೇಳಿದರೆ ಕಟ್ಟುನಿಟ್ಟಿಗೆ ಹೆಸರಾದ ದೇಶ. ಅಲ್ಲೇ 2020ರಲ್ಲಿ, ಕಿಟಕಿ ಬಾಲ್ಕನಿಯಲ್ಲಿ ಸೇದುವುದನ್ನು ನಿಷೇಧಿಸಿ ಎಂಬ ಒತ್ತಾಯ ಸಂಸತ್ತಿನಲ್ಲಿ ಎದ್ದಾಗ, ಜನರ ಖಾಸಗಿತನಕ್ಕೆ ಧಕ್ಕೆ ಎಂದು ಸರ್ಕಾರ ಒಪ್ಪಲಿಲ್ಲ.

ಜಪಾನಿನ ನಗೋಯಾ ಕೋರ್ಟಿನದು ಬೇರೆ ದಾರಿ. ಕೆಳಗಿನ ಮನೆಯವರು ಬಾಲ್ಕನಿಯಲ್ಲಿ ಬಿಟ್ಟ ಹೊಗೆಯಿಂದ ಮೇಲಿನ ಮನೆಯ ಮಹಿಳೆಗೆ ತೊಂದರೆಯಾಯಿತು. ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. 2012ರಲ್ಲಿ ಕೋರ್ಟು 50,000 ಯೆನ್ ಪರಿಹಾರ ಕೊಡಿಸಿತು. ಸೇದಿದ್ದು ತಪ್ಪು ಎಂದಲ್ಲ, ಇನ್ನೊಬ್ಬರಿಗೆ ತೊಂದರೆ ಎಂದು ಗೊತ್ತಿದ್ದೂ ಮುಂದುವರಿಸಿದ್ದು ತಪ್ಪು ಎಂದು.

ಜರ್ಮನಿಯ ಉಚ್ಚ ನ್ಯಾಯಾಲಯ 2015ರ ಜನವರಿಯಲ್ಲಿ ಇನ್ನೂ ಚಂದದ ಉಪಾಯ ಹೇಳಿತು. ಬಾಲ್ಕನಿಯಲ್ಲಿ ಸೇದುವ ಹಕ್ಕು ಇವರಿಗೂ ಉಂಟು, ಹೊಗೆಯಿಲ್ಲದೆ ಬಾಲ್ಕನಿಯಲ್ಲಿ ಕೂರುವ ಹಕ್ಕು ಅವರಿಗೂ ಉಂಟು. ತೊಂದರೆ ದೊಡ್ಡದಾದರೆ ಗಂಟೆ ಹಂಚಿಕೊಳ್ಳಿ ಎಂದಿತು! ನಮ್ಮಲ್ಲಿ ಬಾವಿಯ ನೀರಿಗೆ ಸರದಿ ಹಾಕಿಕೊಂಡ ಹಾಗೆ.

ಮೀನಿನ ಪ್ರಶ್ನೆ

ಮನೆಯೊಳಗೇ ಪೂರ್ತಿ ನಿಷೇಧ ಬೇಕು ಎನ್ನುವವರು ಒಂದು ಮಾತು ಯೋಚಿಸಬೇಕು. ಸಂಘದ ಕೈಗೆ ಈ ಕೋಲು ಕೊಟ್ಟರೆ ಅದು ಸಿಗರೇಟಿಗೆ ಮಾತ್ರ ಬೀಸುತ್ತದೆ ಎಂಬ ಗ್ಯಾರಂಟಿ ಉಂಟೇ?

‘ಇವತ್ತು ಸಿಗರೇಟಿನ ಹೊಗೆ, ನಾಳೆ ಬಂಗುಡೆ ಹುರಿದ ವಾಸನೆ, ನಾಡಿದ್ದು ಒಣಮೀನು ಸುಟ್ಟ ಹೊಗೆ’ ಎಂದು ಸಭೆಯಲ್ಲಿ ಒಬ್ಬರು ಹೇಳಿದಾಗ ಹಲವರು ನಕ್ಕರಂತೆ. ನಗುವ ಮಾತಲ್ಲ. ಮೀನು ತಿನ್ನುವವರಿಗೆ ಬಾಡಿಗೆಗೆ ಕೊಡುವುದಿಲ್ಲ, ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ ಎನ್ನುವ ಮನೆ ಯಜಮಾನರು ಈಗಲೇ ಇದ್ದಾರೆ. ಅವರಿಗೆ ಹೊಸ ನೆಪ ಕೊಡುವುದು ಬೇಡ.

ಅದಕ್ಕೇ ಗೆರೆ ಎಳೆಯುವುದು ಮೂಗಿನ ಮೇಲಲ್ಲ, ಶ್ವಾಸಕೋಶದ ಮೇಲೆ. ಮೀನಿನ ವಾಸನೆ ಕೆಲವರಿಗೆ ಹಿಡಿಸದಿರಬಹುದು, ಆದರೆ ವಾಸನೆಯಿಂದ ನೆರೆಮನೆಯವರಿಗೆ ಕ್ಯಾನ್ಸರ್ ಬರುವುದಿಲ್ಲ. ತಂಬಾಕಿನ ಹೊಗೆಯಿಂದ ಬರಬಹುದು. ಹಿಡಿಸದ್ದು ಬೇರೆ, ಹಾನಿ ಮಾಡುವುದು ಬೇರೆ. ಬೈಲಾ ಬರೆಯುವವರು ಈ ಒಂದು ವ್ಯತ್ಯಾಸ ಮರೆತರೆ ಇಡೀ ಬೈಲಾ ಕೆಟ್ಟುಹೋಗುತ್ತದೆ.

ಇನ್ನೊಂದು ಮಾತು. ಬಾಲ್ಕನಿಯಲ್ಲಿ ಬೇಡವೆಂದು ಅಟ್ಟಿದರೆ ಆ ಹೊಗೆ ಎಲ್ಲಿಗೆ ಹೋಗುತ್ತದೆ? ಕೋಣೆಯೊಳಗೆ! 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 38.7 ಮಂದಿ ಮನೆಯಲ್ಲೇ ಇನ್ನೊಬ್ಬರ ಹೊಗೆ ಕುಡಿಯುತ್ತಿದ್ದರು. ನೂರಕ್ಕೆ ಮೂವತ್ತೆಂಟು ಮಂದಿ ಮಾರಾಯ್ರೇ! ಹೊಗೆಯ ಮೊದಲ ಪಾಲು ಮೇಲಿನ ಮಹಡಿಯವರಿಗಲ್ಲ, ಅದೇ ಮನೆಯ ಹೆಂಡತಿಗೆ, ಸೊಸೆಗೆ, ಮೊಮ್ಮಗುವಿಗೆ. ಅವರು ಸಂಘಕ್ಕೆ ದೂರು ಬರೆಯುವುದಿಲ್ಲ. ಅವರ ಕೆಮ್ಮು ಯಾವ ಸಭೆಯ ಅಜೆಂಡಾದಲ್ಲೂ ಇಲ್ಲ.

ಸೇದುವವರನ್ನು ಕಳ್ಳರಂತೆ ಕಾಣುವುದೂ ಸರಿಯಲ್ಲ. ಈ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಸಾವಿರ ಸಾವಿರ ಮಂದಿ ಇದ್ದಾರೆ. ಆ ದುಡ್ಡಿನಲ್ಲಿ ಓದಿ ಕೆಲಸ ಹಿಡಿದು ಇಂದು ಫ್ಲ್ಯಾಟು ಕೊಂಡವರೂ ಇರಬಹುದು. ನಲವತ್ತು ವರ್ಷದ ಚಟ ಸಂಘದ ಒಂದು ನೋಟೀಸಿಗೆ ಬಿಡುವುದಿಲ್ಲ. ಮಂಡಿ ನೋವಿನ ಮುದುಕರು ಲಿಫ್ಟು ಕೆಟ್ಟ ದಿನ ಐದು ಮಹಡಿ ಇಳಿದು ಮಳೆಯಲ್ಲಿ ನಿಲ್ಲಬೇಕೆಂದರೆ ಅದು ನಿಯಮವಲ್ಲ, ಶಿಕ್ಷೆ.

ಹಾಗಾದರೆ ಎಂತ ಮಾಡುವುದು?

ಸೇದುವ ಹಕ್ಕು ಉಂಟು. ಹೊಗೆಯನ್ನು ನೆರೆಮನೆಗೆ ಕಳಿಸುವ ಹಕ್ಕು ಇಲ್ಲ. ಈ ಒಂದು ಮಾತಿನ ಮೇಲೆ ಬೈಲಾ ನಿಲ್ಲಲಿ.

ಲಿಫ್ಟು, ಮೆಟ್ಟಿಲು, ಕೆಳಗಿನ ಲಾಬಿ, ತಾರಸಿ ಯಾರೊಬ್ಬರ ಸ್ವಂತದ್ದೂ ಅಲ್ಲ. ಅಲ್ಲಿ ಪೂರ್ತಿ ಬಂದ್. ಇದರಲ್ಲಿ ಚರ್ಚೆಯೇ ಬೇಡ.

ಮನೆಯೊಳಗೆ ಇಣುಕುವ ಕೆಲಸ ಬೇಡ. ಯಾರಿಗೂ ತೊಂದರೆಯಿಲ್ಲದಿದ್ದರೆ ವಾಚ್‌ಮನ್‌ ಮೂಸಿ ನೋಡುವ ಅಗತ್ಯವಿಲ್ಲ. ಆದರೆ ನೆರೆಯವರು ‘ಹೊಗೆ ಬರ್ತಾ ಉಂಟು’ ಎಂದು ದೂರು ಕೊಟ್ಟರೆ, ಸಂಘದ ಇಬ್ಬರು ಹೋಗಿ ನೋಡಲಿ. ದೂರು ಹೌದಾದರೆ ಮೊದಲು ಗಂಟೆ ಗೊತ್ತುಮಾಡಲಿ, ಮಗು ಮಲಗುವ ಹೊತ್ತು ಬಿಟ್ಟು. ಅದಕ್ಕೂ ಬಗ್ಗದಿದ್ದರೆ, ಅಥವಾ ಮೇಲಿನ ಮನೆಯಲ್ಲಿ ಉಬ್ಬಸದವರೋ ಬಾಣಂತಿಯೋ ಹೃದ್ರೋಗಿಯೋ ಇದ್ದರೆ, ಆ ಮನೆಯ ಬಾಲ್ಕನಿ, ಕಿಟಕಿ, ಬಚ್ಚಲುಮನೆ ಮಾತ್ರವಲ್ಲ, ಒಳಗೂ ನಿಲ್ಲಬೇಕು. ಕಾಯಿಲೆಯವರಿಗೆ ಗಂಟೆ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಹಾಗೆ ನಿಲ್ಲಿಸಿದವರಿಗೆ ಕೆಳಗೆ ಒಂದು ಜಾಗ ಕೊಡಬೇಕು. ಪಾರ್ಕಿಂಗಿನ ಆಚೆ ನಾಲ್ಕು ಶೀಟಿನ ಒಂದು ಮಾಡು, ಒಂದು ಬೆಂಚು. ಗೇಟಿಗೆ ಗ್ರಾನೈಟ್ ಕಮಾನು ಕಟ್ಟುವ ಸಂಘಗಳಿಗೆ ಇದೊಂದು ದೊಡ್ಡ ಖರ್ಚೇ?

ಹೊಸದಾಗಿ ಕಟ್ಟುವವರಿಗೆ ದಾರಿ ಇನ್ನೂ ಸುಲಭ. ‘ಇದು ಹೊಗೆಯಿಲ್ಲದ ಕಟ್ಟಡ’ ಎಂದು ಮಾರುವಾಗಲೇ ಬರೆದು ಹೇಳಲಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಾಯಿಸಿದ ಕಡೆ ಮಾಲೀಕರು ಬೈಲಾಕ್ಕೆ ಬದ್ಧರು. ಒಪ್ಪಿದವರು ಕೊಳ್ಳಲಿ, ಒಪ್ಪದವರು ಬೇರೆ ಕಡೆ ನೋಡಲಿ. ಕೊಂಡು ಇಪ್ಪತ್ತು ವರ್ಷ ವಾಸವಾದವರ ಮೇಲೆ ರಾತ್ರೋರಾತ್ರಿ ಹೇರುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಬಿಡಬೇಕೆಂಬ ಮನಸ್ಸಿದ್ದವರಿಗೆ ಸರ್ಕಾರದ ಉಚಿತ ಫೋನು 1800-11-2356. ಸಿಗರೇಟು ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿದೆ. ಕಡ್ಡಿ ಗೀರುವ ಮೊದಲು ಓದಿದರೆ ಸಾಕು.

ಕದ್ರಿ ಕಡೆಯ ಆ ಅಪಾರ್ಟ್‌ಮೆಂಟಿನ ಮುಂದೂಡಿದ ಸಭೆ ಬರುವ ಆದಿತ್ಯವಾರವಂತೆ. ಸಭೆಗೆ ಹೋಗುವ ಮೊದಲು ಮೂರನೇ ಮಹಡಿಯ ಮಹಾಶಯರು ಒಂದು ರಾತ್ರಿ ನಾಲ್ಕನೇ ಮಹಡಿಗೆ ಹತ್ತಿ, ಆ ಹುಡುಗಿ ಮೂಗಿಗೆ ಮಾಸ್ಕು ಹಿಡಿದು ನೆಬ್ಯುಲೈಜರ್ ಎಳೆದುಕೊಳ್ಳುವುದನ್ನು ಐದು ನಿಮಿಷ ನೋಡಿ ಬರಲಿ. ನಾಲ್ಕನೇ ಮಹಡಿಯವರೂ ಕೈಯಲ್ಲಿ ದೂರಿನ ಕಾಗದ ಹಿಡಿದುಕೊಂಡು ನಿಲ್ಲದೆ, ‘ಬನ್ನಿ ಅಂಕಲ್, ಕೂತ್ಕೊಳ್ಳಿ’ ಎಂದು ಒಂದು ಲೋಟ ಚಾ ಕೊಡಲಿ.

ಆಮೇಲೆ ಬೈಲಾ ಬರೆಯುವುದು ಕಷ್ಟವಾಗಲಿಕ್ಕಿಲ್ಲ. ಸೆಕ್ರೆಟರಿಗಳು ಗಮನಿಸಲಿ. ಇನ್ನೊಮ್ಮೆ ಮುಂದೂಡುವುದು ಮಾತ್ರ ಬೇಡ!