ಕರುವಿನ ಪಾಲಿನ ಗಿಣ್ಣು

‘ಎಳೆಗರುವಿನ ಮಾಂಸ ತಿನ್ನುವುದು ವಿದೇಶಿಯರ ಕ್ರೌರ್ಯ, ನಮಗೆ ಆ ಪಾಪ ಅಂಟದು’ ಎಂಬ ವಾದ ಓದಿ ಬೇಸರವಾಯಿತು. ಎಂಟು ವಾರ ದಾಟಿದ ಕರುವನ್ನು ಒಂಟಿ ಗೂಡಿನಲ್ಲಿ ಕೂಡಿಹಾಕುವುದನ್ನು ಯುರೋಪ್ ಒಕ್ಕೂಟ 2007ರಲ್ಲೇ ನಿಲ್ಲಿಸಿತು. ನಾವೇನು ಮಾಡಿದ್ದೇವೆ?

ಹಸು ಕರು ಹಾಕದೆ ಹಾಲಿಲ್ಲ. ಹುಟ್ಟುವುದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಹೋರಿಗರು ಯಾರಿಗೂ ಬೇಡ. ಬೆಂಗಳೂರಿನ ಬನಶಂಕರಿಯ ಓಣಿಯೊಂದರಲ್ಲಿ ಕಣ್ಣಾರೆ ಕಂಡೆ: ಕಂಬಕ್ಕೆ ಮೊಳದುದ್ದ ಹಗ್ಗದಲ್ಲಿ ಕಟ್ಟಿದ ಕರು, ಹೊಕ್ಕುಳಬಳ್ಳಿ ಇನ್ನೂ ಒಣಗಿಲ್ಲ, ಪಕ್ಕೆಲುಬು ಎಣಿಸಬಹುದು. ಪಕ್ಕದಲ್ಲೇ ಅದರ ತಾಯಿಯ ಗಿಣ್ಣುಹಾಲು ಕ್ಯಾನು ತುಂಬಿ ಮಾರಾಟಕ್ಕೆ ಹೊರಟಿತ್ತು. ಎಳೆಗರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ, ಅದೂ ಹುಟ್ಟಿದ ಮೊದಲ ದಿನದೊಳಗೆ ಕುಡಿದರೆ.

ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಕರುವಿನ ಕೊರಳನ್ನು ಕತ್ತಿಯಿಂದ ಕಾಯುತ್ತದೆ. ಅದರ ಹೊಟ್ಟೆಯನ್ನು ಹಸಿವಿನಿಂದ ಕಾಯುವವರು ಯಾರು? ಜಯನಗರ, ಜೆ.ಪಿ. ನಗರದಲ್ಲಿ ಬೆಳಗಾಗೆದ್ದು ಕಾಫಿ ಕುಡಿಯುವ ನಾವೆಲ್ಲರೂ ಈ ಲೆಕ್ಕದಲ್ಲಿ ಪಾಲುದಾರರೇ. ಪರದೇಶದವರ ತಟ್ಟೆ ನೋಡುವ ಮೊದಲು ನಮ್ಮ ಲೋಟ ನೋಡಿಕೊಳ್ಳೋಣ. ಮುಂದಿನ ಸಲ ಗಿಣ್ಣು ಕೊಳ್ಳುವಾಗ ದಯವಿಟ್ಟು ಒಂದು ಮಾತು ಕೇಳಿ: ಕರು ಕುಡಿಯಿತೇ?